ಕಾರಿಗೆ ಕಿಡಿ ಕೊಟ್ಟ ಚಾರ್ಲ್ಸ್ ಕೆಟರಿಂಗ್: ತಪ್ಪು ಕಾಯಿಲ್‌ದೋ, ಪೆಟ್ರೋಲ್‌ದೋ?

ಕಳೆದ ಮಳೆಗಾಲದಲ್ಲಿ ಅಪ್ಪನ ಹಳೆಯ ಪೆಟ್ರೋಲ್ ಕಾರು ಏರು ದಾರಿ ಬಂದಾಗಲೆಲ್ಲ ಜರ್ಕ್ ಹೊಡೆಯಲು ಶುರುಮಾಡಿತು. ಗ್ಯಾರೇಜ್‌ನವರು ಸ್ಕ್ಯಾನರ್ ಚುಚ್ಚಿ ನೋಡಿ, ಇಗ್ನಿಷನ್ ಕಾಯಿಲ್ ಹೋಗಿದೆ ಅಂದರು. ಬದಲಿಸಿದ್ದಾಯಿತು. ಒಂದು ವಾರ ಸುಮ್ಮನಿದ್ದು ಮತ್ತೆ ಅದೇ ಜರ್ಕ್. ಇನ್ನೊಂದು ಹೊಸ ಕಾಯಿಲ್ ಬಂತು. ಮತ್ತೆ ಮಳೆ, ಮತ್ತೆ ಜರ್ಕ್. ಕೊನೆಗೆ ಪಕ್ಕದ ಬೀದಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಕಾಯಿಲ್ ಕಡೆ ನೋಡದೆ, ಅದಕ್ಕೆ ಬರುವ ವೈರಿನ ಕನೆಕ್ಟರ್ ಬಿಚ್ಚಿ ತೋರಿಸಿದರು. ಒಳಗಿನ ಪಿನ್‌ಗೆ ಹಸಿರು ಕಿಲುಬು ಹಿಡಿದಿತ್ತು. ಉಜ್ಜಿ ಸ್ವಚ್ಛ ಮಾಡಿ, ಪಿನ್ ಬಿಗಿ ಮಾಡಿ ಕೂರಿಸಿದರು. ಅಷ್ಟೇ. ಎರಡು ಕಾಯಿಲ್‌ಗಳ ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ಅದೇ ವಾರ ನಮ್ಮ ಫ್ಯಾಮಿಲಿ ಗ್ರೂಪ್‌ಗೆ ಒಂದು ಫಾರ್ವರ್ಡ್ ಬಂತು. ಕಾರು ಜರ್ಕ್ ಹೊಡೆದರೆ ತಡಮಾಡದೆ ಎಲ್ಲ ಕಾಯಿಲ್‌ಗಳನ್ನೂ ಒಟ್ಟಿಗೆ ಬದಲಿಸಬೇಕು, ಇಲ್ಲದಿದ್ದರೆ ಎಂಜಿನ್ ಹೋಗುತ್ತದೆ ಎನ್ನುವ ಸಲಹೆ. ಇದು ಎಷ್ಟು ನಿಜ ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಈ ಕಾಯಿಲ್ ವ್ಯವಸ್ಥೆಯನ್ನು ಕಾರಿಗೆ ತಂದ ಮನುಷ್ಯನ ಬದುಕು. ಆತನ ಹೆಸರು ಚಾರ್ಲ್ಸ್ ಫ್ರ್ಯಾಂಕ್ಲಿನ್ ಕೆಟರಿಂಗ್. ಕಾಯಿಲ್ ಮೇಲೆ ತಪ್ಪು ಹೊರಿಸುವ ಅಭ್ಯಾಸ ಆತನ ಕಾಲದಲ್ಲೂ ಇತ್ತು. ಆ ತಪ್ಪು ಕಾಯಿಲ್‌ದಲ್ಲ ಎಂದು ತೋರಿಸಲು ಹೊರಟ ದಾರಿ ಎಲ್ಲಿಗೆ ಹೋಗಿ ಮುಟ್ಟಿತು ಎನ್ನುವುದು ನಮ್ಮ ನಿಮ್ಮ ರಕ್ತದವರೆಗೂ ಬರುವ ಕಥೆ.

ಕಣ್ಣು ಸರಿಯಿಲ್ಲದ ಹುಡುಗ

ಕೆಟರಿಂಗ್ ಹುಟ್ಟಿದ್ದು 1876ರ ಆಗಸ್ಟ್ 29ರಂದು, ಅಮೆರಿಕದ ಒಹಾಯೋ ರಾಜ್ಯದ ಲೌಡನ್‌ವಿಲ್ ಊರಿನ ಹತ್ತಿರದ ಒಂದು ರೈತ ಮನೆಯಲ್ಲಿ. ಚಿಕ್ಕಂದಿನಿಂದಲೂ ಕಣ್ಣಿನ ತೊಂದರೆ. ಸ್ವಲ್ಪ ಹೊತ್ತು ಓದಿದರೆ ತಲೆನೋವು ಬರುತ್ತಿತ್ತು. ಹೈಸ್ಕೂಲ್ ಮುಗಿಸಿ ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾದ. ಆಮೇಲೆ ಒಹಾಯೋ ಸ್ಟೇಟ್ ಯೂನಿವರ್ಸಿಟಿಗೆ ಸೇರಿದ. ಅಲ್ಲಿಯೂ ಕಣ್ಣು ಕೈಕೊಟ್ಟಿತು, ಓದು ಬಿಡಬೇಕಾಯಿತು.

ಹೊಟ್ಟೆಪಾಡಿಗೆ ಸೇರಿಕೊಂಡದ್ದು ಟೆಲಿಫೋನ್ ಕಂಪನಿಯ ಲೈನ್ ಕೆಲಸಕ್ಕೆ. ಗುಂಡಿ ತೋಡುವುದು, ಕಂಬ ನೆಡುವುದು, ತಂತಿ ಎಳೆಯುವುದು. ನನಗೆ ಅನಿಸುವಂತೆ ಈತನ ನಿಜವಾದ ಕಾಲೇಜು ಇದೇ. ಟೆಲಿಫೋನ್ ಲೈನ್ ಸತ್ತರೆ, ಮೈಲಿಗಟ್ಟಲೆ ತಂತಿಯನ್ನು ಯಾರೂ ಬದಲಿಸುವುದಿಲ್ಲ. ಈ ತುದಿಯಲ್ಲಿ ಕರೆಂಟ್ ಇದೆಯೇ, ಆ ತುದಿಯಲ್ಲಿ ಇದೆಯೇ, ನಡುವೆ ಎಲ್ಲಿಯವರೆಗೆ ಬಂದು ನಿಂತಿದೆ ಎಂದು ಹುಡುಕುತ್ತಾ ಹೋಗಬೇಕು. ಎಲ್ಲಿ ನಿಂತಿದೆಯೋ ಅಲ್ಲಿ ಕೈ ಹಾಕಬೇಕು.

ಎರಡು ವರ್ಷ ಹೊರಗಿನ ಗಾಳಿ ಬಿಸಿಲಿನಲ್ಲಿ ದುಡಿದ ಮೇಲೆ ಕಣ್ಣು ಸ್ವಲ್ಪ ಸುಧಾರಿಸಿತು. ಮತ್ತೆ ಕಾಲೇಜಿಗೆ ಹೋದ. ಸಹಪಾಠಿಗಳು ಪುಸ್ತಕ ಗಟ್ಟಿಯಾಗಿ ಓದುವುದು, ಈತ ಕೇಳಿಸಿಕೊಂಡು ಕಲಿಯುವುದು, ಹೀಗೆ ನಡೆಯಿತು. 1904ರಲ್ಲಿ ಎಂಜಿನಿಯರಿಂಗ್ ಪದವಿ ಕೈಗೆ ಬಂದಾಗ ವಯಸ್ಸು 27. ಮರುವರ್ಷ ಒಲಿವ್ ವಿಲಿಯಮ್ಸ್ ಜೊತೆ ಮದುವೆಯಾಯಿತು.

ಗಲ್ಲಾಪೆಟ್ಟಿಗೆಯಿಂದ ಕಾರಿಗೆ

ಮೊದಲ ಕೆಲಸ ಒಹಾಯೋದ ಡೇಟನ್ ಊರಿನ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ. ಅಂಗಡಿಯ ಗಲ್ಲಾದ ಮೇಲೆ ಇಡುವ, ಲೆಕ್ಕ ಹೊಡೆದು ಡ್ರಾಯರ್ ತೆರೆಯುವ ಯಂತ್ರ ತಯಾರಿಸುತ್ತಿದ್ದ ಕಂಪನಿ ಅದು. ಆ ಯಂತ್ರವನ್ನು ಆಗ ಕೈಯಿಂದ ಹಿಡಿ ತಿರುಗಿಸಿ ನಡೆಸಬೇಕಿತ್ತು. ಅದಕ್ಕೆ ವಿದ್ಯುತ್ ಮೋಟಾರ್ ಕೂರಿಸುವ ಕೆಲಸ ಕೆಟರಿಂಗ್ ಪಾಲಿಗೆ ಬಂತು. ಇಡೀ ದಿನ ಓಡುವ ಮೋಟಾರ್ ಬೇಕಿಲ್ಲ, ಒಂದು ಕ್ಷಣ ಜೋರಾಗಿ ಎಳೆದು ನಿಂತರೆ ಸಾಕು ಎನ್ನುವುದು ಆತ ಕಂಡುಕೊಂಡ ಉಪಾಯ. ಸಣ್ಣ ಮೋಟಾರಿನಿಂದಲೇ ಕ್ಷಣಕಾಲ ದೊಡ್ಡ ಕೆಲಸ ತೆಗೆಯಬಹುದು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅದೇ ಕಂಪನಿಯ ಅಧಿಕಾರಿ ಎಡ್ವರ್ಡ್ ಡೀಡ್ಸ್ ಅವರಿಗೆ ಕಾರಿನ ಹುಚ್ಚಿತ್ತು. ಅವರ ಮನೆಯ ಹಿಂದೆ ಒಂದು ಕೊಟ್ಟಿಗೆ ಇತ್ತು. ಸಂಜೆ ಮತ್ತು ರಜಾದಿನಗಳಲ್ಲಿ ಕೆಟರಿಂಗ್ ಮತ್ತು ಗೆಳೆಯರು ಅಲ್ಲಿ ಸೇರಿ ಕಾರಿನ ಕಿಡಿ ವ್ಯವಸ್ಥೆಯನ್ನು ಸುಧಾರಿಸಲು ಕೂತರು.

ಆಗಿನ ಕಾರುಗಳ ಸ್ಥಿತಿ ಹೀಗಿತ್ತು. ಕೆಲವದರಲ್ಲಿ ಮ್ಯಾಗ್ನೆಟೋ. ಅದು ಎಂಜಿನ್ ವೇಗವಾಗಿ ತಿರುಗಿದಾಗ ಒಳ್ಳೆಯ ಕಿಡಿ ಕೊಡುತ್ತದೆ, ಸ್ಟಾರ್ಟ್ ಮಾಡುವಾಗ ದುರ್ಬಲ. ಇನ್ನು ಕೆಲವದರಲ್ಲಿ ಒಣ ಬ್ಯಾಟರಿಯಿಂದ ಝೇಂಕರಿಸುತ್ತಾ ಒಂದರ ಹಿಂದೊಂದು ಕಿಡಿಗಳನ್ನು ಸುರಿಸುವ ಕಾಯಿಲ್. ಅದು ಬ್ಯಾಟರಿಯನ್ನು ಬೇಗ ಬರಿದು ಮಾಡುತ್ತಿತ್ತು. ಕೆಟರಿಂಗ್ ಮಾಡಿದ ಬದಲಾವಣೆ ನೋಡಲು ಸಣ್ಣದು. ಬೇಕಾದ ಕ್ಷಣಕ್ಕೆ ಒಂದೇ ಒಂದು ಗಟ್ಟಿ ಕಿಡಿ, ಉಳಿದ ಹೊತ್ತು ಕರೆಂಟ್ ಬಂದ್. ಬ್ಯಾಟರಿ ಹಲವು ಪಟ್ಟು ಹೆಚ್ಚು ಬಾಳಿತು.

ಇಲ್ಲೊಂದು ತಿದ್ದುಪಡಿ. ಕಾಯಿಲ್ ಅನ್ನೇ ಕೆಟರಿಂಗ್ ಕಂಡುಹಿಡಿದ ಎಂದು ಕೆಲವು ಪೋಸ್ಟ್‌ಗಳಲ್ಲಿ ಬರುತ್ತದೆ. ಅದು ಸರಿಯಲ್ಲ. ಇಂಡಕ್ಷನ್ ಕಾಯಿಲ್ ಆತ ಹುಟ್ಟುವ 40 ವರ್ಷ ಮೊದಲೇ, 1836ರಲ್ಲಿ, ಐರ್ಲೆಂಡಿನ ಪಾದ್ರಿ ಮತ್ತು ವಿಜ್ಞಾನ ಅಧ್ಯಾಪಕ ನಿಕೋಲಸ್ ಕ್ಯಾಲನ್ ಕೈಯಲ್ಲಿ ರೂಪುಗೊಂಡಿತ್ತು. ಬ್ಯಾಟರಿ, ಕಾಯಿಲ್, ಸ್ವಿಚ್ ಮೂರನ್ನೂ ಸೇರಿಸಿ ಕಾರಿನಲ್ಲಿ ನಂಬಿ ಓಡಿಸುವಂಥ ವ್ಯವಸ್ಥೆ ಮಾಡಿದ್ದು ಕೆಟರಿಂಗ್.

1909ರಲ್ಲಿ ಕ್ಯಾಡಿಲಾಕ್ ಕಾರು ಕಂಪನಿಯ ಹೆನ್ರಿ ಲೀಲೆಂಡ್ ಒಮ್ಮೆಲೇ 8,000 ಸೆಟ್‌ಗಳಿಗೆ ಆರ್ಡರ್ ಕೊಟ್ಟರು. ಕೊಟ್ಟಿಗೆಯ ಗುಂಪಿಗೆ ಸ್ವಂತ ಫ್ಯಾಕ್ಟರಿ ಕೂಡ ಇರಲಿಲ್ಲ! ತರಾತುರಿಯಲ್ಲಿ ಕೆಟರಿಂಗ್ ಮತ್ತು ಡೀಡ್ಸ್ ಸೇರಿ ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ ಹುಟ್ಟುಹಾಕಿದರು. ಅದರ ಮೊದಲಕ್ಷರಗಳನ್ನು ಜೋಡಿಸಿದರೆ ಬರುವ ಹೆಸರೇ ಡೆಲ್ಕೋ.

ಆ ಕಾಯಿಲ್ ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ?

ಪ್ಲಗ್‌ನ ತುದಿಯ ಸಣ್ಣ ಸಂದಿನಲ್ಲಿ ಕಿಡಿ ಹಾರಬೇಕಾದರೆ ಸಾವಿರಾರು ವೋಲ್ಟ್ ಬೇಕು. ಕಾರಿನ ಬ್ಯಾಟರಿಯಲ್ಲಿ ಇರುವುದು 12 ವೋಲ್ಟ್. ಕಾಯಿಲ್ ಒಳಗೆ ಕಬ್ಬಿಣದ ತಿರುಳಿನ ಸುತ್ತ ಎರಡು ತಂತಿ ಸುತ್ತುಗಳಿರುತ್ತವೆ. ಒಂದು ದಪ್ಪ ತಂತಿಯದು, ಕೆಲವು ನೂರು ಸುತ್ತು. ಇನ್ನೊಂದು ಕೂದಲೆಳೆಯಂಥ ತಂತಿಯದು, ಅದರ ನೂರು ಪಟ್ಟಿನಷ್ಟು ಸುತ್ತು. ದಪ್ಪ ತಂತಿಗೆ ಬ್ಯಾಟರಿ ಕರೆಂಟ್ ಹರಿಸಿದಾಗ ಕಬ್ಬಿಣ ಅಯಸ್ಕಾಂತವಾಗುತ್ತದೆ. ಆ ಕರೆಂಟನ್ನು ಫಕ್ಕನೆ ಕಡಿದರೆ ಕಾಂತಕ್ಷೇತ್ರ ಕುಸಿಯುತ್ತದೆ, ಆ ಕುಸಿತವೇ ತೆಳು ತಂತಿಯಲ್ಲಿ ಹತ್ತಾರು ಸಾವಿರ ವೋಲ್ಟ್ ಎಬ್ಬಿಸುತ್ತದೆ. ಗಮನಿಸಿ, ಕಿಡಿ ಹುಟ್ಟುವುದು ಕರೆಂಟ್ ಕೊಟ್ಟಾಗ ಅಲ್ಲ, ಕಿತ್ತುಕೊಂಡಾಗ.

ಕರೆಂಟ್ ಕಡಿಯುವ ಕೆಲಸ ಹಳೆಯ ಗಾಡಿಗಳಲ್ಲಿ ಪಾಯಿಂಟ್‌ನದು. ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿ ಓಡಿಸಿದವರಿಗೆ ಪಾಯಿಂಟ್ ಉಜ್ಜುವುದು, ಕಂಡೆನ್ಸರ್ ಬದಲಿಸುವುದು ಚೆನ್ನಾಗಿ ಗೊತ್ತು. ಅವೆಲ್ಲ ಕೆಟರಿಂಗ್ ಮಾದರಿಯವೇ. ಇಂದಿನ ಕಾರುಗಳಲ್ಲಿ ಪಾಯಿಂಟ್ ಜಾಗಕ್ಕೆ ಟ್ರಾನ್ಸಿಸ್ಟರ್ ಬಂದಿದೆ, ಅದಕ್ಕೆ ಸಮಯ ಹೇಳುವುದು ಕಂಪ್ಯೂಟರ್, ಬಹಳಷ್ಟು ಗಾಡಿಗಳಲ್ಲಿ ಪ್ರತಿ ಪ್ಲಗ್‌ನ ತಲೆಯ ಮೇಲೆ ಒಂದೊಂದು ಕಾಯಿಲ್. ಆದರೆ ಒಳಗಿನ ತತ್ವ ಬದಲಾಗಿಲ್ಲ.

ಹಾಗಾಗಿ ಕಿಡಿ ಬರಲಿಲ್ಲ ಎಂದರೆ ಕಾಯಿಲ್ ಒಂದೇ ಆರೋಪಿಯಲ್ಲ. ಬ್ಯಾಟರಿಯಿಂದ ಫ್ಯೂಸ್, ರಿಲೇ ದಾಟಿ ಬರುವ ವೈರ್ ಇದೆ. ಅರ್ತ್ ಇದೆ. ಕಂಪ್ಯೂಟರ್‌ನಿಂದ ಸಿಗ್ನಲ್ ತರುವ ವೈರ್ ಇದೆ. ನಡುವೆ ಕನೆಕ್ಟರ್ ಇದೆ. ಕೊನೆಯಲ್ಲಿ ಪ್ಲಗ್ ಇದೆ. ಸ್ಕ್ಯಾನರ್ ಪಿ0351 ಎಂದು ತೋರಿಸಿದರೆ ಅದರ ಅರ್ಥ ಮೊದಲ ಕಾಯಿಲ್‌ನ ಸರ್ಕ್ಯೂಟ್‌ನಲ್ಲಿ ದೋಷ ಎಂದು ಮಾತ್ರ. ಸರ್ಕ್ಯೂಟ್ ಎಂದರೆ ಈ ಇಡೀ ದಾರಿ. ಪಿ0301 ಎಂದರೆ ಒಂದನೇ ಸಿಲಿಂಡರ್‌ನಲ್ಲಿ ಮಿಸ್ಸಿಂಗ್ ಇದೆ ಎಂದಷ್ಟೇ. ಅದಕ್ಕೆ ಕಾರಣ ಪ್ಲಗ್ ಆಗಿರಬಹುದು, ಇಂಜೆಕ್ಟರ್ ಆಗಿರಬಹುದು, ಕಾಯಿಲ್ ಕೂಡ ಆಗಿರಬಹುದು. ನಮ್ಮ ಅಪ್ಪನ ಕಾರಿನಲ್ಲಿ ಗ್ಯಾರೇಜ್‌ನವರು ಸ್ಕ್ಯಾನರ್ ಹೇಳಿದ್ದನ್ನು ಅರ್ಧ ಓದಿದ್ದರು.

ಖರ್ಚಿಲ್ಲದೆ ಪರೀಕ್ಷಿಸುವ ದಾರಿಯೊಂದಿದೆ. ಎಂಜಿನ್ ಬಂದ್ ಮಾಡಿ, ತಣ್ಣಗಾದ ಮೇಲೆ ಒಂದನೇ ಸಿಲಿಂಡರ್‌ನ ಕಾಯಿಲ್ ತೆಗೆದು ಮೂರನೆಯದಕ್ಕೆ, ಮೂರನೆಯದನ್ನು ಒಂದಕ್ಕೆ ಹಾಕುವುದು. ಹಳೆಯ ಕೋಡ್ ಅಳಿಸಿ ಓಡಿಸಿ ನೋಡುವುದು. ದೋಷ ಕಾಯಿಲ್ ಜೊತೆಗೆ ಮೂರನೇ ಸಿಲಿಂಡರ್‌ಗೆ ಹೋದರೆ, ಅಂದರೆ ಪಿ0303 ಬಂದರೆ, ಕಾಯಿಲ್ ಕೆಟ್ಟಿದೆ. ಒಂದರಲ್ಲೇ ಉಳಿದರೆ ಕಾಯಿಲ್ ಬದಲಿಸಿ ಪ್ರಯೋಜನವಿಲ್ಲ. ಆಗ ಕೀ ಆನ್ ಮಾಡಿ, ಕನೆಕ್ಟರ್‌ನ ಸಪ್ಲೈ ಪಿನ್‌ನಲ್ಲಿ ಮಲ್ಟಿಮೀಟರ್ ಇಟ್ಟು ಬ್ಯಾಟರಿಯಷ್ಟೇ ವೋಲ್ಟೇಜ್ ಬರುತ್ತಿದೆಯೇ ನೋಡಬೇಕು. ಬರದಿದ್ದರೆ ಹಿಂದಕ್ಕೆ ಹೋಗುತ್ತಾ ಫ್ಯೂಸ್, ರಿಲೇ ನೋಡಬೇಕು. ಬರುತ್ತಿದ್ದರೆ ಅರ್ತ್, ಆಮೇಲೆ ಸಿಗ್ನಲ್ ವೈರ್. ವೈರನ್ನು ಅಲ್ಲಾಡಿಸಿದಾಗ ರೀಡಿಂಗ್ ಕುಣಿದರೆ ಒಳಗೆ ಎಲ್ಲೋ ಸಡಿಲವಿದೆ. ಟೆಲಿಫೋನ್ ಲೈನ್‌ಮನ್ ಮಾಡುವುದೂ ಇದನ್ನೇ.

ಕಾಯಿಲ್‌ನ ರೆಸಿಸ್ಟೆನ್ಸ್ ಅಳೆದು ತೀರ್ಮಾನಿಸಿ ಎಂದು ವಿಡಿಯೋಗಳಲ್ಲಿ ಹೇಳುತ್ತಾರೆ. ಹಳೆಯ ಎರಡು ಪಿನ್ ಕಾಯಿಲ್‌ಗೆ ಅದು ನಡೆಯುತ್ತದೆ. ಈಗಿನ ಮೂರು ನಾಲ್ಕು ಪಿನ್ ಕಾಯಿಲ್‌ಗಳ ಒಳಗೇ ಟ್ರಾನ್ಸಿಸ್ಟರ್ ಕೂತಿರುವುದರಿಂದ ಹಾಗೆ ಅಳೆದ ಅಂಕಿಗೆ ಹೆಚ್ಚು ಬೆಲೆಯಿಲ್ಲ. ತಣ್ಣಗಿದ್ದಾಗ ಸರಿಯಾದ ರೀಡಿಂಗ್ ಕೊಟ್ಟು, ಬಿಸಿಯಾದಾಗ ಕೈಕೊಡುವ ಕಾಯಿಲ್‌ಗಳೂ ಇವೆ.

ಇನ್ನೊಂದು ಅಪಾಯಕಾರಿ ಸಲಹೆ ಇಂದಿಗೂ ಹಂಚಿಕೆಯಾಗುತ್ತಿದೆ. ಎಂಜಿನ್ ಓಡುತ್ತಿರುವಾಗಲೇ ಪ್ಲಗ್ ವೈರ್ ಅಥವಾ ಕಾಯಿಲ್ ಕಿತ್ತು ಕಿಡಿ ನೋಡಿ ಎನ್ನುವುದು. ದಯವಿಟ್ಟು ಮಾಡಬೇಡಿ. ಶಾಕ್ ಹೊಡೆಯುತ್ತದೆ, ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರಿಗಂತೂ ಪ್ರಾಣಾಪಾಯ. ಹಾರಲು ದಾರಿ ಸಿಗದ ಕಿಡಿ ಕಾಯಿಲ್ ಒಳಗೇ ಇನ್ಸುಲೇಷನ್ ಸೀಳಿಕೊಂಡು ಹೋಗಿ, ಚೆನ್ನಾಗಿದ್ದ ಕಾಯಿಲ್ ಕೂಡ ಕೆಡಬಹುದು. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಸುಡುತ್ತದೆ. ಇದೇ ಕಾರಣಕ್ಕೆ ಚೆಕ್ ಎಂಜಿನ್ ಲೈಟ್ ಮಿಣುಕುತ್ತಿದ್ದರೆ ಗಾಡಿ ಓಡಿಸುತ್ತಲೇ ಇರಬಾರದು. ಫಾರ್ವರ್ಡ್‌ನಲ್ಲಿ ನಿಜವಿದ್ದದ್ದು ಇಷ್ಟೇ: ಮಿಸ್ಸಿಂಗ್ ಇದ್ದರೆ ತಡಮಾಡಬಾರದು. ಎಲ್ಲ ಕಾಯಿಲ್ ಬದಲಿಸಬೇಕು ಎಂಬುದಕ್ಕೆ ಆಧಾರವಿಲ್ಲ.

ಹ್ಯಾಂಡಲ್ ಮತ್ತು ಒಂದು ಸುಂದರ ಸುಳ್ಳು

ಡೆಲ್ಕೋದ ಮುಂದಿನ ಕೆಲಸ ಇನ್ನೂ ದೊಡ್ಡದು. ಆಗ ಕಾರಿನ ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡಬೇಕಿತ್ತು. ಕಿಡಿಯ ಸಮಯವನ್ನು ಮೊದಲು ಹಿಂದಕ್ಕೆ ಸರಿಸದಿದ್ದರೆ ಎಂಜಿನ್ ಅವಧಿಗೆ ಮುಂಚೆ ಉರಿದು ಹ್ಯಾಂಡಲ್ ಉಲ್ಟಾ ಹೊಡೆಯುತ್ತಿತ್ತು. ಮಣಿಕಟ್ಟು ಮುರಿಯುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ, ಮುಂಗೈ ಮೂಳೆಯ ಒಂದು ಬಗೆಯ ಮುರಿತಕ್ಕೆ ವೈದ್ಯರು ಇಂದಿಗೂ ಶೋಫರ್ ಫ್ರ್ಯಾಕ್ಚರ್ ಎನ್ನುತ್ತಾರೆ. ಶೋಫರ್ ಎಂದರೆ ಕಾರು ಚಾಲಕ.

ಸೆಲ್ಫ್ ಸ್ಟಾರ್ಟರ್ ಹುಟ್ಟಿದ ಬಗ್ಗೆ ಒಂದು ಕಥೆ ತುಂಬ ಓಡಾಡುತ್ತದೆ. 1910ರ ಚಳಿಗಾಲದಲ್ಲಿ ಡೆಟ್ರಾಯಿಟ್‌ನ ಬೆಲ್ ಐಲ್ ಸೇತುವೆಯ ಮೇಲೆ ಒಬ್ಬ ಮಹಿಳೆಯ ಕ್ಯಾಡಿಲಾಕ್ ಕೆಟ್ಟು ನಿಂತಿತ್ತಂತೆ, ಕಾರು ತಯಾರಕ ಬೈರನ್ ಕಾರ್ಟರ್ ನೆರವಿಗೆ ಹೋಗಿ ಹ್ಯಾಂಡಲ್ ತಿರುಗಿಸಿದಾಗ ಅದು ಹಿಂದಕ್ಕೆ ಬಡಿದು ದವಡೆ ಮುರಿಯಿತಂತೆ, ಅವರು ಸತ್ತರಂತೆ, ಗೆಳೆಯ ಲೀಲೆಂಡ್ ನೊಂದು ಕೆಟರಿಂಗ್‌ರನ್ನು ಕರೆಸಿದರಂತೆ. ಮನಸ್ಸು ಕರಗಿಸುವ ಕಥೆ. ಆದರೆ ಬೈರನ್ ಕಾರ್ಟರ್ ತೀರಿಕೊಂಡದ್ದು 1908ರಲ್ಲಿ. ಹ್ಯಾಂಡಲ್‌ನಿಂದ ಜನ ಗಾಯಗೊಳ್ಳುತ್ತಿದ್ದುದು ನಿಜ, ಲೀಲೆಂಡ್‌ಗೆ ಅದು ಚಿಂತೆಯ ವಿಷಯವಾಗಿದ್ದುದೂ ನಿಜ. ಸೇತುವೆಯ ಮೇಲಿನ ಆ ಚಳಿಗಾಲ ಮಾತ್ರ ತಾರೀಕಿಗೆ ಹೊಂದುವುದಿಲ್ಲ.

ಎಂಜಿನ್ ತಿರುಗಿಸುವಷ್ಟು ಬಲದ ಮೋಟಾರ್ ಕಾರಿನಲ್ಲಿ ಹಿಡಿಯುವುದೇ ಇಲ್ಲ ಎಂದು ಆಗಿನ ತಜ್ಞರು ನಂಬಿದ್ದರು. ಅವರು ಲೆಕ್ಕ ಹಾಕಿದ್ದು ನಿರಂತರ ಓಡುವ ಮೋಟಾರ್‌ಗೆ. ಕೆಟರಿಂಗ್‌ಗೆ ಗಲ್ಲಾಪೆಟ್ಟಿಗೆ ನೆನಪಿತ್ತು. ಕೆಲವು ಸೆಕೆಂಡ್ ಎಳೆದು ನಿಂತರೆ ಸಾಕು ಎಂದ ಮೇಲೆ ಸಣ್ಣ ಮೋಟಾರ್ ಸಾಲುತ್ತದೆ. ಎಂಜಿನ್ ಓಡತೊಡಗಿದ ಮೇಲೆ ಅದೇ ಯಂತ್ರ ಡೈನಮೋ ಆಗಿ ಬ್ಯಾಟರಿ ಚಾರ್ಜ್ ಮಾಡುವಂತೆ ಜೋಡಿಸಿದರು. 1912ರ ಕ್ಯಾಡಿಲಾಕ್ ಮಾದರಿ ಸೆಲ್ಫ್ ಸ್ಟಾರ್ಟರ್, ವಿದ್ಯುತ್ ದೀಪ, ವಿದ್ಯುತ್ ಕಿಡಿ ಮೂರನ್ನೂ ಹೊತ್ತು ಮಾರುಕಟ್ಟೆಗೆ ಬಂತು. ಪೇಟೆಂಟ್ ಸಿಕ್ಕಿದ್ದು 1915ರಲ್ಲಿ. ತೋಳ್ಬಲ ಇಲ್ಲದವರೂ ಇನ್ನು ಕಾರು ಶುರುಮಾಡಬಹುದಿತ್ತು. ಈ ಅನುಕೂಲದಿಂದಲೇ ಅಂದಿನ ಎಲೆಕ್ಟ್ರಿಕ್ ಕಾರುಗಳು ಮೂಲೆಗುಂಪಾಗಲು ನೆರವಾಯಿತು ಎನ್ನುವುದು ವಿಚಿತ್ರ ಸತ್ಯ.

ಬಡಿತ ಯಾರ ತಪ್ಪು?

ಈಗ ಮುಖ್ಯ ವಿಷಯಕ್ಕೆ ಬರೋಣ. ಹೊಸ ಕ್ಯಾಡಿಲಾಕ್ ಎಂಜಿನ್‌ಗಳು ಏರು ಹತ್ತುವಾಗ ಒಳಗಿನಿಂದ ಲೋಹ ಬಡಿದಂತೆ ಟಕಟಕ ಸದ್ದು ಮಾಡುತ್ತಿದ್ದವು. ನಮ್ಮ ಮೆಕ್ಯಾನಿಕ್‌ಗಳು ನಾಕಿಂಗ್ ಎನ್ನುವುದು ಇದನ್ನೇ. ದೂರು ಯಾರ ಮೇಲೆ? ಕೆಟರಿಂಗ್‌ನ ಬ್ಯಾಟರಿ ಕಾಯಿಲ್ ಮೇಲೆ. ಮೊದಲು ಮ್ಯಾಗ್ನೆಟೋ ಇತ್ತು, ಸದ್ದು ಇರಲಿಲ್ಲ. ಈಗ ಕಾಯಿಲ್ ಬಂತು, ಸದ್ದೂ ಬಂತು. ಹಾಗಾದರೆ ಕಾಯಿಲ್‌ದೇ ತಪ್ಪು ಎನ್ನುವ ತರ್ಕ. ಮ್ಯಾಗ್ನೆಟೋ ಮಾರುವವರಿಗೆ ಈ ಮಾತು ಹಬ್ಬಿದಷ್ಟೂ ಲಾಭ.

ಕೆಟರಿಂಗ್‌ಗೆ ಅನುಮಾನವಿದ್ದುದು ಪೆಟ್ರೋಲ್ ಮೇಲೆ. ಆದರೆ ಅನುಮಾನವನ್ನೇ ತೀರ್ಪು ಮಾಡಲಿಲ್ಲ. 1916ರಲ್ಲಿ ಸೇರಿದ ಥಾಮಸ್ ಮಿಡ್ಗ್ಲಿ ಎಂಬ ಯುವ ಎಂಜಿನಿಯರ್‌ಗೆ ಈ ಕೆಲಸ ಒಪ್ಪಿಸಿದರು. ಸಿಲಿಂಡರ್ ಒಳಗಿನ ಒತ್ತಡವನ್ನು ದಾಖಲಿಸುವ ಉಪಕರಣ ಮಾಡಿಕೊಂಡು ನೋಡಿದಾಗ ಗೊತ್ತಾಯಿತು: ಬಡಿತ ಹುಟ್ಟುವುದು ಕಿಡಿ ಹಾರಿದ ನಂತರ. ಕಿಡಿ ಹೊತ್ತಿಸಿದ ಜ್ವಾಲೆ ಹರಡುತ್ತಿರುವಾಗ, ಇನ್ನೂ ಉರಿಯದೆ ಉಳಿದ ಮಿಶ್ರಣ ಒತ್ತಡ ತಾಳದೆ ತಾನಾಗಿಯೇ ಸಿಡಿಯುತ್ತಿತ್ತು. ಹೊಸ ಎಂಜಿನ್‌ಗಳಲ್ಲಿ ಕಂಪ್ರೆಷನ್ ಹೆಚ್ಚು, ಆಗಿನ ಪೆಟ್ರೋಲ್‌ಗೆ ಅದನ್ನು ತಾಳುವ ಶಕ್ತಿ ಕಡಿಮೆ. ಕಾಯಿಲ್ ನಿರಪರಾಧಿ.

ಮುಂದಿನ ಹೆಜ್ಜೆ ತಮಾಷೆಯದು. ಇಂಧನಕ್ಕೆ ಕೆಂಪು ಬಣ್ಣ ಹಾಕಿದರೆ ಶಾಖ ಬೇಗ ಹೀರಿಕೊಂಡು ಬಡಿತ ನಿಲ್ಲಬಹುದೇ ಎಂಬ ಊಹೆ ಹುಟ್ಟಿತು. ಲ್ಯಾಬಿನಲ್ಲಿ ಕೈಗೆ ಸಿಕ್ಕಿದ್ದು ಅಯೋಡಿನ್. ಹಾಕಿದರು, ಬಡಿತ ನಿಜಕ್ಕೂ ತಗ್ಗಿತು! ಇಷ್ಟಕ್ಕೇ ನಿಲ್ಲಿಸಿದ್ದರೆ ಕೆಂಪು ಪೆಟ್ರೋಲ್ ಒಳ್ಳೆಯದು ಎಂಬ ಫಾರ್ವರ್ಡ್ ಆ ಕಾಲದಲ್ಲೇ ಹುಟ್ಟುತ್ತಿತ್ತು. ಅವರು ಬೇರೆ ಕೆಂಪು ಬಣ್ಣಗಳನ್ನೂ ಹಾಕಿ ನೋಡಿದರು. ಯಾವುದೂ ಕೆಲಸ ಮಾಡಲಿಲ್ಲ. ಬಣ್ಣವಿಲ್ಲದ ಅಯೋಡಿನ್ ಸಂಯುಕ್ತ ಹಾಕಿದರೆ ಕೆಲಸ ಮಾಡಿತು. ಊಹೆ ತಪ್ಪು, ದಾರಿ ಸರಿ. ಕಾಯಿಲ್ ಅದಲುಬದಲು ಮಾಡಿ ನೋಡುವ ಪರೀಕ್ಷೆಗೂ ಇದಕ್ಕೂ ಏನು ವ್ಯತ್ಯಾಸ?

ಅಷ್ಟರಲ್ಲಿ ಡೆಲ್ಕೋ ಮಾರಾಟವಾಗಿ ಜನರಲ್ ಮೋಟಾರ್ಸ್ ತೆಕ್ಕೆಗೆ ಬಂದಿತ್ತು. 1920ರಿಂದ ಕೆಟರಿಂಗ್ ಆ ಕಂಪನಿಯ ಸಂಶೋಧನಾ ವಿಭಾಗದ ಮುಖ್ಯಸ್ಥ. ಅಯೋಡಿನ್ ದುಬಾರಿ, ಲೋಹ ತಿನ್ನುವಂಥದ್ದು. ಒಂದರ ನಂತರ ಒಂದು ರಾಸಾಯನಿಕ ಪರೀಕ್ಷಿಸುತ್ತಾ, 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್ ಸಿಕ್ಕಿತು. ಲೆಡ್ ಎಂದರೆ ಸೀಸ. ಗ್ಯಾಲನ್‌ಗೆ ಕೆಲವೇ ಗ್ರಾಂ ಹಾಕಿದರೆ ಬಡಿತ ಮಾಯ.

ತಪ್ಪಿದ ಪರೀಕ್ಷೆ

ಸೀಸ ವಿಷವೆಂಬುದು ಆಗ ಯಾರಿಗೂ ಹೊಸ ಸುದ್ದಿಯಾಗಿರಲಿಲ್ಲ. ರೋಮನ್ನರ ಕಾಲದಿಂದಲೂ ಗೊತ್ತಿದ್ದ ವಿಷಯ. ಮಿಡ್ಗ್ಲಿ ಸ್ವತಃ ಸೀಸದ ವಿಷವೇರಿ 1923ರ ಆರಂಭದಲ್ಲಿ ವಿಶ್ರಾಂತಿಗೆ ಹೋಗಬೇಕಾಯಿತು. ಅದೇ ಫೆಬ್ರವರಿಯಲ್ಲಿ ಡೇಟನ್‌ನ ಒಂದು ಬಂಕ್‌ನಲ್ಲಿ ಹೊಸ ಪೆಟ್ರೋಲ್ ಮಾರಾಟ ಶುರುವಾಯಿತು. ಹೆಸರು ಈಥೈಲ್. ಸೀಸ ಎಂಬ ಮಾತೇ ಹೆಸರಿನಲ್ಲಿ ಇರಲಿಲ್ಲ. 1924ರಲ್ಲಿ ಈಥೈಲ್ ಕಾರ್ಪೊರೇಷನ್ ಸ್ಥಾಪನೆಯಾದಾಗ ಅದರ ಅಧ್ಯಕ್ಷರಾಗಿದ್ದವರು ಕೆಟರಿಂಗ್.

ಆ ವರ್ಷವೇ ಸಾವುಗಳು ಶುರುವಾದವು. ಡೇಟನ್‌ನಲ್ಲಿ ಇಬ್ಬರು ಕಾರ್ಮಿಕರು. ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ಸಂಸ್ಕರಣಾಗಾರದಲ್ಲಿ ಐವರು ಭ್ರಮೆ, ಸೆಳವು ಹಿಡಿದು ಕೆಲವೇ ದಿನಗಳಲ್ಲಿ ಸತ್ತರು, ಹತ್ತಾರು ಜನ ಆಸ್ಪತ್ರೆ ಸೇರಿದರು. ಮಿಡ್ಗ್ಲಿ ಪತ್ರಕರ್ತರ ಮುಂದೆ ಅದೇ ದ್ರವದಲ್ಲಿ ಕೈ ತೊಳೆದು ತೋರಿಸಿದರು. 1925ರ ಮೇನಲ್ಲಿ ಸರ್ಕಾರ ಸಭೆ ಕರೆಯಿತು, ಮಾರಾಟ ತಾತ್ಕಾಲಿಕವಾಗಿ ನಿಂತಿತು. ಉದ್ಯಮದ ಪರವಾಗಿ ಕೆಟರಿಂಗ್ ಆ ಸಭೆಯಲ್ಲಿ ಮಾತಾಡಿದರು. ಬೀದಿ ಬೀದಿಯಲ್ಲಿ ಸೀಸದ ಹೊಗೆ ಹರಡಿದರೆ ನಿಧಾನವಾಗಿ ಎಲ್ಲರ ಮೈ ಸೇರುತ್ತದೆ ಎಂದು ಆಲಿಸ್ ಹ್ಯಾಮಿಲ್ಟನ್, ಯಾಂಡೆಲ್ ಹೆಂಡರ್ಸನ್‌ರಂಥ ತಜ್ಞರು ಎಚ್ಚರಿಸಿದರು. ಕೆಲವೇ ತಿಂಗಳ ಅಧ್ಯಯನದ ಮೇಲೆ ಸಮಿತಿಯೊಂದು ನಿಷೇಧಕ್ಕೆ ಸಾಕಷ್ಟು ಕಾರಣವಿಲ್ಲ ಎಂದಿತು. 1926ರಲ್ಲಿ ಮಾರಾಟ ಮತ್ತೆ ಶುರು.

ಕೆಟರಿಂಗ್ ಬದುಕನ್ನು ಓದುವಾಗ ನನಗೆ ಜೀರ್ಣವಾಗದ ಜಾಗ ಇದು. ಎಂಜಿನ್ ಒಳಗಿನ ಬಡಿತಕ್ಕೆ ಕಾರಣ ಹುಡುಕಲು ಐದು ವರ್ಷ ಕಾದ ಮನುಷ್ಯ, ಹೊಗೆಕೊಳವೆಯಿಂದ ಹೊರಬಂದ ಸೀಸ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯಲು ಅಷ್ಟು ಕಾಯಲಿಲ್ಲ. ಬೇರೆ ದಾರಿ ಇರಲಿಲ್ಲವೇ ಎಂದರೆ, ಇತ್ತು. ಪೆಟ್ರೋಲ್‌ಗೆ ಆಲ್ಕೋಹಾಲ್ ಬೆರೆಸಿದರೂ ಬಡಿತ ತಗ್ಗುತ್ತದೆ ಎಂದು ಇದೇ ತಂಡ ತೋರಿಸಿತ್ತು. ಅದು ಹೆಚ್ಚು ಪ್ರಮಾಣದಲ್ಲಿ ಬೇಕಿತ್ತು, ಯಾರು ಬೇಕಾದರೂ ತಯಾರಿಸಬಹುದಿತ್ತು. ಸೀಸದ ಮೇಲೆ ಪೇಟೆಂಟ್ ಹಿಡಿತವಿತ್ತು. ಇಂದು ನಮ್ಮ ಬಂಕ್‌ಗಳ ಪೆಟ್ರೋಲ್‌ನಲ್ಲಿ ಎಥನಾಲ್ ಬೆರೆತಿರುವುದನ್ನು ನೋಡಿದರೆ, ಸುಮಾರು ನೂರು ವರ್ಷ ತಡವಾಗಿ ಆ ದಾರಿಗೆ ಬಂದಂತಿದೆ.

ಮುಂದಿನ ನಾಲ್ಕು ದಶಕ ಸೀಸದ ಆರೋಗ್ಯ ಪರಿಣಾಮದ ಅಧ್ಯಯನಗಳು ಹೆಚ್ಚಾಗಿ ನಡೆದದ್ದು ಉದ್ಯಮದ ಹಣದಲ್ಲಿ. ವೈದ್ಯ ರಾಬರ್ಟ್ ಕೀಹೋ ಆ ಕೆಲಸ ನಡೆಸಿದ, ಸಿನ್ಸಿನಾಟಿ ವಿಶ್ವವಿದ್ಯಾಲಯದ ಪ್ರಯೋಗಾಲಯದ ಹೆಸರು ಕೆಟರಿಂಗ್ ಲ್ಯಾಬೊರೇಟರಿ. ಸ್ವಲ್ಪ ಸೀಸ ಮೈಯಲ್ಲಿರುವುದು ಸಹಜ, ಅಪಾಯವಿಲ್ಲ ಎನ್ನುವ ನಿಲುವು ಅಲ್ಲಿಂದ ಹರಡಿತು. 1965ರಲ್ಲಿ ಭೂವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಅದನ್ನು ಪ್ರಶ್ನಿಸಿದರು: ಎಲ್ಲರ ಮೈಯಲ್ಲಿದೆ ಎಂದ ಮಾತ್ರಕ್ಕೆ ಅದು ಸಹಜವಲ್ಲ, ಮನುಷ್ಯನೇ ಹರಡಿದ್ದು.

ವಾಟ್ಸ್‌ಆ್ಯಪ್‌ನಲ್ಲಿ ಜಗತ್ತಿಗೆ ಅತಿ ಹೆಚ್ಚು ಹಾನಿ ಮಾಡಿದ ಒಬ್ಬನೇ ವಿಜ್ಞಾನಿ ಎಂದು ಮಿಡ್ಗ್ಲಿ ಫೋಟೋ ಆಗಾಗ ಬರುತ್ತದೆ. ಓಝೋನ್ ಪದರ ತೂತು ಮಾಡಿದ ಫ್ರಿಜ್ ಅನಿಲವನ್ನೂ ಆತನೇ ರೂಪಿಸಿದ್ದು ಹೌದು. ಆದರೆ ಆ ಎರಡೂ ಕೆಲಸ ಒಪ್ಪಿಸಿದ, ಲ್ಯಾಬ್ ನಡೆಸಿದ ಮುಖ್ಯಸ್ಥರ ಹೆಸರು ಆ ಫಾರ್ವರ್ಡ್‌ನಲ್ಲಿ ಇರುವುದೇ ಇಲ್ಲ.

ಹೆಸರು ಉಳಿದ ಜಾಗಗಳು

ಕೆಟರಿಂಗ್ 1947ರವರೆಗೆ ಜನರಲ್ ಮೋಟಾರ್ಸ್ ಸಂಶೋಧನೆಯನ್ನು ಮುನ್ನಡೆಸಿದರು. ರೈಲಿನ ಡೀಸೆಲ್ ಎಂಜಿನ್‌ಗಳಿಗೆ ಅವರ ತಂಡದ ಕೊಡುಗೆ ದೊಡ್ಡದು. ಒಟ್ಟು 186 ಪೇಟೆಂಟ್‌ಗಳು ಅವರ ಹೆಸರಲ್ಲಿವೆ. 1945ರಲ್ಲಿ ಆಲ್ಫ್ರೆಡ್ ಸ್ಲೋನ್ ಜೊತೆ ಸೇರಿ ನ್ಯೂಯಾರ್ಕ್‌ನಲ್ಲಿ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕಟ್ಟಿದರು. ಅದು ಇಂದಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ಭಾಗ. ಅಲ್ಲಿ ಬದುಕು ಮರಳಿ ಪಡೆದವರ ಲೆಕ್ಕವೂ ಈ ಖಾತೆಯಲ್ಲೇ ಇದೆ. 1958ರ ನವೆಂಬರ್ 25ರಂದು ಡೇಟನ್ ಬಳಿಯ ಮನೆಯಲ್ಲಿ ತೀರಿಕೊಂಡರು. ಸೀಸದ ಪೆಟ್ರೋಲ್ ಆಗ ಜಗತ್ತಿನಾದ್ಯಂತ ಉರಿಯುತ್ತಿತ್ತು.

ಭಾರತದಲ್ಲಿ ಅದು ಪೂರ್ತಿ ನಿಂತದ್ದು 2000ದಲ್ಲಿ. ಅದಕ್ಕೆ ಸ್ವಲ್ಪ ಮೊದಲು ಬೆಂಗಳೂರಿನ ಜಾರ್ಜ್ ಫೌಂಡೇಶನ್ ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ, ಪರೀಕ್ಷಿಸಿದ ಮಕ್ಕಳಲ್ಲಿ ಅರ್ಧದಷ್ಟು ಮಂದಿಯ ರಕ್ತದಲ್ಲಿ ಅಪಾಯದ ಮಟ್ಟಕ್ಕಿಂತ ಹೆಚ್ಚು ಸೀಸ ಕಂಡಿತ್ತು. ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಸೀಸ ಕುಂಠಿತಗೊಳಿಸುತ್ತದೆ, ಸುರಕ್ಷಿತ ಮಟ್ಟ ಎನ್ನುವುದೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾರುಗಳಿಗೆ ಈ ಪೆಟ್ರೋಲ್ ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯಾ. ಅಲ್ಲಿ ನಿಂತದ್ದು 2021ರ ಜುಲೈನಲ್ಲಿ.

ಪೆಟ್ರೋಲ್‌ನಿಂದ ಸೀಸ ಹೋಯಿತು, ಕಾರಿನಿಂದ ಹೋಗಿಲ್ಲ. ಕೆಟರಿಂಗ್‌ನ ಸೆಲ್ಫ್ ಸ್ಟಾರ್ಟರ್ ಬಂದ ಮೇಲೆ ಪ್ರತಿ ಕಾರಿಗೂ ಒಂದು ಸೀಸದ ಬ್ಯಾಟರಿ ಬೇಕೇ ಬೇಕಾಯಿತು. ಇಂದು ಜಗತ್ತಿನಲ್ಲಿ ಬಳಕೆಯಾಗುವ ಸೀಸದ ಬಹುಪಾಲು ಹೋಗುವುದು ಬ್ಯಾಟರಿಗಳಿಗೆ. ಹಳೆಯ ಬ್ಯಾಟರಿ ಒಡೆದು, ಬಯಲಲ್ಲೇ ಸೀಸ ಕರಗಿಸುವ ಅಕ್ರಮ ಭಟ್ಟಿಗಳ ಸುತ್ತಲಿನ ಮಣ್ಣಿನಿಂದ ಅದು ಮತ್ತೆ ಮಕ್ಕಳ ರಕ್ತ ಸೇರುತ್ತಿದೆ. ಕಾಯಿಲ್ ಪರೀಕ್ಷಿಸುವಾಗ ಬ್ಯಾಟರಿಯೇ ಸತ್ತಿದೆ ಎಂದು ತಿಳಿದರೆ, ಹಳೆಯದನ್ನು ಗುಜರಿಗೆ ಹಾಕಬೇಡಿ. ಹೊಸದನ್ನು ಕೊಳ್ಳುವ ಅಧಿಕೃತ ಅಂಗಡಿಗೇ ವಾಪಸ್ ಕೊಡಿ. ಬೆಲೆಯಲ್ಲಿ ಸಾಮಾನ್ಯವಾಗಿ ಕಡಿತವೂ ಸಿಗುತ್ತದೆ. ಅಪ್ಪ ಕಳೆದ ತಿಂಗಳು ಹಾಗೆಯೇ ಕೊಟ್ಟು ಬಂದರು. ಎರಡು ಕಾಯಿಲ್ ಮಾತ್ರ ಇನ್ನೂ ಡಿಕ್ಕಿಯಲ್ಲೇ ಇವೆ.